ಡಾಕ್ಟರ್‌ಗೆ 25 ಡಾಲರ್, ದಾರಿಗೆ 90: ಇನ್ಶೂರೆನ್ಸ್ ಇಲ್ಲದ ಅಮ್ಮನನ್ನು ಕ್ಲಿನಿಕ್‌ಗೆ ಕರೆದೊಯ್ಯುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದೇವೆ. ಅಮ್ಮನಿಗೆ 63 ವರ್ಷ. ಗ್ರೀನ್ ಕಾರ್ಡ್ ಮೇಲೆ ಬಂದು ಎರಡು ವರ್ಷವಾಯಿತು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಇನ್ಶೂರೆನ್ಸ್ ಇಲ್ಲ. ಆದಾಯ ನೋಡಿ ರಿಯಾಯಿತಿ ಕೊಡುವ ಕಮ್ಯುನಿಟಿ ಹೆಲ್ತ್ ಸೆಂಟರ್‌ನಲ್ಲಿ 25 ಡಾಲರ್‌ಗೆ ನೋಡುತ್ತಾರೆ, ಆದರೆ ಅದು ಮನೆಯಿಂದ 22 ಮೈಲಿ ದೂರ, ಪಕ್ಕದ ಕೌಂಟಿಯಲ್ಲಿದೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು). ಇರುವುದು ಒಂದೇ ಕಾರು. ನನ್ನ ಗಂಡ ಬೆಳಿಗ್ಗೆ ಆರಕ್ಕೇ ಅದರಲ್ಲಿ ಕೆಲಸಕ್ಕೆ ಹೊರಡುತ್ತಾರೆ. ನನ್ನದು ಗಂಟೆ ಲೆಕ್ಕದ ಕೆಲಸ, ರಜೆ ಹಾಕಿದರೆ ಸಂಬಳ ಇಲ್ಲ. ಮನೆಯಲ್ಲಿ ಸಣ್ಣ ಮಗುವೂ ಇದೆ. ಆ್ಯಪ್ ಟ್ಯಾಕ್ಸಿಗೆ ಹೋಗಿ ಬರಲು 90 ಡಾಲರ್ ಆಗುತ್ತದೆ, ವಾಪಸ್ ಬರುವಾಗ ಗಾಡಿ ಸಿಗುವುದೇ ಕಷ್ಟ. ಹೀಗೇ ಎರಡು ಸಲ ಅಪಾಯಿಂಟ್‌ಮೆಂಟ್ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಮುಂಚಿತವಾಗಿ ಬುಕ್ ಮಾಡಲು ಬಿಡುವುದಿಲ್ಲ, ಅವತ್ತವತ್ತಿಗೆ ಖಾಲಿ ಇದ್ದರೆ ಮಾತ್ರ ನೋಡುತ್ತೇವೆ ಎಂದು ಕ್ಲಿನಿಕ್‌ನಿಂದ ಕಾಗದ ಬಂದಿದೆ. ಪರಿಚಯದವರು, "ಊರಿಂದ ಆರು ತಿಂಗಳ ಮಾತ್ರೆ ತರಿಸಿಕೊಳ್ಳಿ, ಏನಾದರೂ ಆದರೆ 911ಕ್ಕೆ ಫೋನ್ ಮಾಡಿ, ಎಮರ್ಜೆನ್ಸಿಯಲ್ಲಿ ದುಡ್ಡು ಕೇಳೋ ಹಾಗಿಲ್ಲ" ಎನ್ನುತ್ತಾರೆ. ಇಂಥ ಕ್ಲಿನಿಕ್‌ಗೆ ಹೋದರೆ ಮುಂದೆ ಸಿಟಿಜನ್‌ಶಿಪ್‌ಗೆ ತೊಂದರೆ ಅಂತಲೂ ಹೆದರಿಸುತ್ತಾರೆ. ಕ್ಲಿನಿಕ್ ಬಿಟ್ಟುಬಿಡೋಣವಾ?

ಉತ್ತರ: ಬಿಡಬೇಡಿ. ಕ್ಲಿನಿಕ್‌ನ ಆ ಕಾಗದಕ್ಕೆ ಈ ವಾರವೇ ಉತ್ತರ ಕೊಡಿ. ಏನು ಹೇಳಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ನಾನು ಇಂಥದ್ದೇ ಒಂದು ಹೆಲ್ತ್ ಸೆಂಟರ್‌ನಲ್ಲಿ ಸೋಶಿಯಲ್ ವರ್ಕರ್. ಡಾಕ್ಟರ್ ಅಲ್ಲ. ಹಾಗಾಗಿ ಮಾತ್ರೆಯ ಡೋಸು ಎಷ್ಟಿರಬೇಕು ಅಂತ ನಾನು ಹೇಳುವುದಿಲ್ಲ. ಆದರೆ ರೋಗಿ ಡಾಕ್ಟರ್ ಮುಂದೆ ಬಂದು ಕೂರುವವರೆಗಿನ ದಾರಿ ಇದೆಯಲ್ಲ, ದಿನವಿಡೀ ನನ್ನ ಕೆಲಸ ಅದೇ. ನೀವು ಕೇಳಿರುವುದು ಕ್ಲಿನಿಕ್ ಬಿಡಬೇಕಾ ಅಂತ. ನಿಮ್ಮ ಪ್ರಶ್ನೆಯ ತುಂಬ ಇರುವುದು ಮಾತ್ರ ರಸ್ತೆಯ ಸಮಸ್ಯೆ. 25 ಡಾಲರ್ ಕೊಡಲು ನಿಮಗೆ ಕಷ್ಟವಿಲ್ಲ. 22 ಮೈಲಿ ದಾಟುವುದು ಕಷ್ಟವಾಗಿದೆ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಈ ದೇಶದಲ್ಲಿ ಇನ್ಶೂರೆನ್ಸ್ ಇಲ್ಲದವರಿಗೆ ಎರಡು ಪೆಟ್ಟು ಬೀಳುತ್ತವೆ. ಒಂದು ಎಲ್ಲರಿಗೂ ಗೊತ್ತು, ಡಾಕ್ಟರ್ ಖರ್ಚು. ಇನ್ನೊಂದು ಅಷ್ಟಾಗಿ ಗೊತ್ತಿಲ್ಲ. ಬಡವರಿಗಾಗಿ ಇರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇಡ್‌ನಲ್ಲಿ ಚಿಕಿತ್ಸೆಯ ಜೊತೆಗೆ ಓಡಾಟದ ವ್ಯವಸ್ಥೆಯೂ ಸೇರಿದೆ. ರೋಗಿಗೆ ಬೇರೆ ದಾರಿ ಇಲ್ಲದಿದ್ದರೆ ಡಾಕ್ಟರ್ ಹತ್ತಿರ ಕರೆದೊಯ್ಯಲು ರಾಜ್ಯ ವಾಹನ ಒದಗಿಸಲೇಬೇಕು. ಅದು ಕಾನೂನು. ಆದ್ದರಿಂದ ಮೆಡಿಕೇಡ್ ಇಲ್ಲದವರಿಗೆ ಡಾಕ್ಟರೂ ತಪ್ಪುತ್ತಾರೆ, ಗಾಡಿಯೂ ತಪ್ಪುತ್ತದೆ. ಕಮ್ಯುನಿಟಿ ಹೆಲ್ತ್ ಸೆಂಟರ್‌ನ ರಿಯಾಯಿತಿ ಮೊದಲನೆಯದನ್ನು ಸರಿಮಾಡುತ್ತದೆ. ಎರಡನೆಯದು ಹಾಗೇ ಉಳಿಯುತ್ತದೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಆಗುವವರೆಗೆ ನಿಮ್ಮ ಅಮ್ಮನಂಥವರಿಗೆ ಹೆಚ್ಚಿನ ರಾಜ್ಯಗಳಲ್ಲಿ ಮೆಡಿಕೇಡ್ ಸಿಗುವುದಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಸ್ವಂತ ದುಡ್ಡಿನಲ್ಲಿ ಕೊಡುತ್ತವೆ. ನಿಮ್ಮ ರಾಜ್ಯ ಯಾವುದು ಅಂತ ಬರೆದಿಲ್ಲ, ಅದನ್ನೊಮ್ಮೆ ವಿಚಾರಿಸಿ.

ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. 2022ರ ಸರ್ಕಾರಿ ಸಮೀಕ್ಷೆಯಲ್ಲಿ ದಿನನಿತ್ಯದ ಓಡಾಟಕ್ಕೆ ನೆಚ್ಚಿಕೊಳ್ಳುವಂಥ ವಾಹನ ವ್ಯವಸ್ಥೆ ಇಲ್ಲ ಎಂದ ವಯಸ್ಕರು ಶೇ. 5.7ರಷ್ಟಿದ್ದರು. ಅಂದರೆ ನೂರಕ್ಕೆ ಆರು ಜನ.

ಈಗ ಪರಿಚಯದವರ ಮಾತಿಗೆ ಬರೋಣ. ಅವರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಪ್ರತಿಯೊಂದರಲ್ಲೂ ಅರ್ಧ ಸತ್ಯ ಇದೆ. ತೊಂದರೆ ಇರುವುದು ಉಳಿದರ್ಧದಲ್ಲಿ.

"ಎಮರ್ಜೆನ್ಸಿಯಲ್ಲಿ ದುಡ್ಡು ಕೇಳೋ ಹಾಗಿಲ್ಲ." 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು ಆಸ್ಪತ್ರೆ ಪರೀಕ್ಷೆ ಮಾಡಬೇಕು, ಅಪಾಯದಿಂದ ಪಾರು ಮಾಡಬೇಕು. ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಅಷ್ಟು ನಿಜ. ಆದರೆ ಬಿಲ್ ಕಳಿಸಬಾರದು ಅಂತ ಆ ಕಾನೂನು ಎಲ್ಲೂ ಹೇಳುವುದಿಲ್ಲ. ಬಿಲ್ ಬಂದೇ ಬರುತ್ತದೆ. ಆಂಬ್ಯುಲೆನ್ಸ್ ಬಿಲ್ ಅದರ ಮೇಲೆ ಬೇರೆ. ಆಂಬ್ಯುಲೆನ್ಸ್ ಎಷ್ಟೋ ಕಡೆ ಆಸ್ಪತ್ರೆಯದ್ದಲ್ಲ, ಅಗ್ನಿಶಾಮಕ ಇಲಾಖೆಯದ್ದೋ ಖಾಸಗಿ ಕಂಪನಿಯದ್ದೋ ಆಗಿರುತ್ತದೆ. ಆಸ್ಪತ್ರೆ ಬಿಲ್ ಮನ್ನಾ ಮಾಡಿದರೂ ಆ ಬಿಲ್ ಹಾಗೇ ನಿಂತಿರುತ್ತದೆ. ಅವರ ಹತ್ತಿರ ಬೇರೆಯಾಗಿ ಕಷ್ಟ ಹೇಳಿಕೊಳ್ಳಬೇಕು.

ಹಾಗಂತ ಹೆದರಿ 911ಕ್ಕೆ ಫೋನ್ ಮಾಡದೆ ಕೂರಬೇಡಿ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಉಸಿರಾಟದ ತೊಂದರೆ, ಸಕ್ಕರೆ ತೀರಾ ಇಳಿದು ಎಚ್ಚರ ತಪ್ಪುವುದು: ಇಂಥದ್ದರಲ್ಲಿ ಬಿಲ್ ಲೆಕ್ಕ ಹಾಕುವ ಹೊತ್ತು ಇರುವುದಿಲ್ಲ. ಆಮೇಲೆ ಬಿಲ್ ಬಂದರೆ ಅದಕ್ಕೂ ದಾರಿ ಇದೆ. ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಪಡೆಯುತ್ತವೆ. ಅದಕ್ಕೆ ಬದಲಾಗಿ ಅವು ಲಿಖಿತ ಆರ್ಥಿಕ ನೆರವಿನ ನೀತಿ ಇಟ್ಟುಕೊಂಡಿರಲೇಬೇಕು. ಮೊದಲ ಬಿಲ್ ಬಂದ ದಿನದಿಂದ 240 ದಿನದವರೆಗೆ ಅರ್ಜಿ ಹಾಕಬಹುದು. ಅರ್ಜಿ ಹಾಕದೆ ಕ್ರೆಡಿಟ್ ಕಾರ್ಡ್ ಉಜ್ಜಿ ಬಂದವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ವಿಷಯ. ಸಕ್ಕರೆ ಕಾಯಿಲೆ, ಬಿಪಿಗಳನ್ನು ವರ್ಷವಿಡೀ ನೋಡಿಕೊಳ್ಳುವ ಜಾಗ ಎಮರ್ಜೆನ್ಸಿ ಅಲ್ಲ. ಅಲ್ಲಿ ಅವತ್ತಿನ ಅಪಾಯ ಕಳೆದ ಮೇಲೆ ಕೆಲವು ದಿನದ ಮಾತ್ರೆ ಬರೆದು, "ನಿಮ್ಮ ಡಾಕ್ಟರ್‌ಗೆ ತೋರಿಸಿ" ಎಂದು ಕಳಿಸುತ್ತಾರೆ. ಯಾವ ಡಾಕ್ಟರ್? ಮತ್ತೆ ಅದೇ 22 ಮೈಲಿ.

"ಊರಿಂದ ಮಾತ್ರೆ ತರಿಸಿಕೊಳ್ಳಿ." ಇದರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅಮೆರಿಕದ ಔಷಧ ಇಲಾಖೆಯ ಪ್ರಕಾರ ಹೊರದೇಶದಿಂದ ಮಾತ್ರೆ ತರುವುದಕ್ಕೆ ಸಾಮಾನ್ಯವಾಗಿ ಅನುಮತಿಯೇ ಇಲ್ಲ. ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ತಂದರೆ ಅವರು ನೋಡಿಯೂ ನೋಡದ ಹಾಗೆ ಬಿಡುವುದುಂಟು. ಆರು ತಿಂಗಳದ್ದು ಬೇರೆಯವರ ಸೂಟ್‌ಕೇಸಿನಲ್ಲಿ ಬಂದರೆ ಆ ಸಡಿಲಿಕೆ ನಂಬುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಪರೀಕ್ಷೆ ಇಲ್ಲದೆ ಮಾತ್ರೆ ಮಾತ್ರ ಮುಂದುವರಿಯುವುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುತ್ತಿರಬೇಕು. ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆಗೆ ರಕ್ತದ ಪೊಟ್ಯಾಸಿಯಮ್ಮನ್ನೂ ನೋಡಬೇಕು. ಗ್ಲಿಮೆಪಿರೈಡ್ ಸೇರಿರುವ ಮಾತ್ರೆ ವಯಸ್ಸಾದವರಲ್ಲಿ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದು, ಅದರಲ್ಲೂ ಊಟ ಒಂದು ಹೊತ್ತು ತಪ್ಪಿದರೆ. ಇಂಡಿಯಾದಲ್ಲಿ ಎರಡು ಮೂರು ಔಷಧ ಸೇರಿಸಿ ಒಂದೇ ಮಾತ್ರೆ ಮಾಡಿರುತ್ತಾರೆ. ಅದೇ ಜೋಡಿ ಇಲ್ಲಿ ಸಿಗದೇ ಇರಬಹುದು. ಹಾಗಾಗಿ ಊರಿನ ಮಾತ್ರೆಯ ಖಾಲಿ ಸ್ಟ್ರಿಪ್ ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ಹೆಸರು ನೋಡಿ ಒಳಗೆ ಏನೇನಿದೆ ಅಂತ ಬಿಡಿಸಿ ಬರೆದುಕೊಡುತ್ತಾರೆ.

ನಿಜ ಹೇಳಬೇಕೆಂದರೆ ಈ ಎರಡು ಕಾಯಿಲೆಯ ಸಾಮಾನ್ಯ ಮಾತ್ರೆಗಳಿಗೆ ಊರಿನ ತನಕ ಹೋಗಬೇಕಾಗಿಲ್ಲ. ಮೆಟ್‌ಫಾರ್ಮಿನ್, ಲಿಸಿನೊಪ್ರಿಲ್‌ನಂಥ ಜೆನೆರಿಕ್‌ಗಳು ಇಲ್ಲಿನ ದೊಡ್ಡ ಅಂಗಡಿಗಳ ರಿಯಾಯಿತಿ ಪಟ್ಟಿಯಲ್ಲಿವೆ. ವಾಲ್‌ಮಾರ್ಟ್‌ನ ಪಟ್ಟಿಯಲ್ಲಿ 30 ದಿನಕ್ಕೆ 4 ಡಾಲರ್, 90 ದಿನಕ್ಕೆ 10 ಡಾಲರ್‌ಗೆ ಸಿಗುವ ಮಾತ್ರೆಗಳಿವೆ. ಹೆಲ್ತ್ ಸೆಂಟರ್‌ಗಳಿಗೂ 340ಬಿ ಎಂಬ ಯೋಜನೆಯಲ್ಲಿ ಔಷಧ ಅಗ್ಗಕ್ಕೆ ಸಿಗುತ್ತದೆ. "ಮೂರು ತಿಂಗಳಿಗೆ ಬರೆದುಕೊಡಿ, ಅಂಚೆಯಲ್ಲಿ ಮನೆಗೆ ಕಳಿಸುತ್ತೀರಾ?" ಎಂದು ಅಲ್ಲಿ ಕೇಳಿ. ತಿಂಗಳಿಗೊಂದು ಸಲ ಮಾತ್ರೆಗಾಗಿಯೇ ಓಡುವುದು ತಪ್ಪುತ್ತದೆ.

ಸಿಟಿಜನ್‌ಶಿಪ್ ಭಯ. ಇದರಿಂದಲೇ ಜನ ಕ್ಲಿನಿಕ್ ಬಾಗಿಲಿಗೆ ಬರುವುದಿಲ್ಲ. ಸರ್ಕಾರಕ್ಕೆ ಹೊರೆಯಾಗುತ್ತಾರಾ ಎಂದು ನೋಡುವ 'ಪಬ್ಲಿಕ್ ಚಾರ್ಜ್' ಪರೀಕ್ಷೆ ಮುಖ್ಯವಾಗಿ ಗ್ರೀನ್ ಕಾರ್ಡ್ ಕೊಡುವಾಗ ನಡೆಯುತ್ತದೆ. ನಿಮ್ಮ ಅಮ್ಮನ ಕೈಗೆ ಕಾರ್ಡ್ ಬಂದಾಗಿದೆ. ಪೌರತ್ವದ ಅರ್ಜಿಯಲ್ಲಿ ಆ ಪರೀಕ್ಷೆ ಇಲ್ಲ. ಹೆಲ್ತ್ ಸೆಂಟರ್‌ನಲ್ಲಿ ರಿಯಾಯಿತಿ ದರಕ್ಕೆ ಡಾಕ್ಟರನ್ನು ಕಂಡಿದ್ದು ಪೌರತ್ವಕ್ಕೆ ಅಡ್ಡ ಬರುವುದಿಲ್ಲ. ಒಂದೇ ಒಂದು ಎಚ್ಚರಿಕೆ: ಗ್ರೀನ್ ಕಾರ್ಡ್ ಇರುವವರು ಒಂದೇ ಸಲ 180 ದಿನಕ್ಕಿಂತ ಜಾಸ್ತಿ ದೇಶದ ಹೊರಗಿದ್ದು ವಾಪಸ್ ಬಂದರೆ ಆ ಪ್ರಶ್ನೆ ಮತ್ತೆ ಏಳಬಹುದು. ಅಮ್ಮ ಊರಿಗೆ ಹೋದರೆ ಅಷ್ಟು ದಿನ ಇರಬೇಡಿ ಅಂತ ಹೇಳಿ. ಇರಲೇಬೇಕಾದರೆ ಮೊದಲು ವಲಸೆ ವಕೀಲರನ್ನು ಕೇಳಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗಳ ವಿಷಯ ಬೇರೆ. ಹೆಲ್ತ್ ಸೆಂಟರ್ ಸೇವೆಗೂ ವಲಸೆ ಸ್ಥಿತಿ ನೋಡಬೇಕೆಂದು 2025ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಆದೇಶ ಹೊರಡಿಸಿತು. ಹಲವು ರಾಜ್ಯಗಳು ಕೋರ್ಟಿಗೆ ಹೋದವು, ಆ ರಾಜ್ಯಗಳಲ್ಲಿ ತಡೆ ಸಿಕ್ಕಿತು. ಗ್ರೀನ್ ಕಾರ್ಡ್ ಇರುವವರು ಆ ಆದೇಶದ ಪ್ರಕಾರವೂ ಅರ್ಹರೇ. ವಿಸಿಟರ್‌ಗಳಾದರೆ ಹೋಗುವ ಮುಂಚೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ರಸ್ತೆಯ ವಿಷಯ.

ಮೊದಲು ಆ ಕಾಗದ. ಅದನ್ನು ಬರೆದವರ ಕಣ್ಣಿಗೆ ನಿಮ್ಮ ಅಮ್ಮ "ಬರದೇ ಇದ್ದ ರೋಗಿ", ಅಷ್ಟೇ. ಕಂಪ್ಯೂಟರಿನಲ್ಲಿ ಮರೆತವರು, ಬೇಡ ಅಂದವರು, ಗಾಡಿ ಸಿಗದವರು ಎಲ್ಲರಿಗೂ ಒಂದೇ ಗುರುತು ಬೀಳುತ್ತದೆ. ನೀವು ಬಾಯಿಬಿಟ್ಟು ಹೇಳುವವರೆಗೆ ಅದು ಬದಲಾಗುವುದಿಲ್ಲ. ಫೋನ್ ಮಾಡಿದಾಗ ರಿಸೆಪ್ಷನ್‌ನಲ್ಲೇ ವಿವರಿಸಲು ಹೋಗಬೇಡಿ. ಸೋಶಿಯಲ್ ವರ್ಕರ್ ಅಥವಾ ಕೇರ್ ಕೋಆರ್ಡಿನೇಟರ್ ಬೇಕು ಎಂದು ಕೇಳಿ. ಅವರಿಗೆ ಎರಡು ವಿಷಯ ಹೇಳಿ.

ಒಂದು, ವಾಹನದ ತೊಂದರೆ ಇದೆ ಅಂತ ಅಮ್ಮನ ಫೈಲಿನಲ್ಲಿ ದಾಖಲಿಸಿ ಎನ್ನಿ. ಅದಕ್ಕೆ ಅಂತಲೇ ಒಂದು ಕೋಡ್ ಇದೆ, ಝಡ್59.82. ಡಾಕ್ಟರು ಕಾಯಿಲೆಗಳ ಜೊತೆಗೆ ಅದನ್ನೂ ಬರೆಯಬಹುದು. ಫೈಲು ತೆರೆದವರಿಗೆಲ್ಲ ಅದು ಕಾಣುತ್ತದೆ. ಹದಿನೈದು ನಿಮಿಷ ತಡವಾಗಿ ಬಂದರೂ ಒಳಗೆ ಬಿಡುವುದಕ್ಕೂ, ವಾಪಸ್ ಕಳಿಸುವುದಕ್ಕೂ ಎಷ್ಟೋ ಸಲ ಇಷ್ಟೇ ವ್ಯತ್ಯಾಸ.

ಎರಡು, "ಅವತ್ತವತ್ತಿಗೆ ಮಾತ್ರ" ಎಂಬ ಶಿಕ್ಷೆ ನಮಗೆ ಯಾಕೆ ಆಗುವುದಿಲ್ಲ ಎಂದು ತಿಳಿಸಿ. ಹಳ್ಳಿ ಕಡೆಯ ವ್ಯಾನ್ ಸೇವೆಗಳನ್ನು ಕಡೇಪಕ್ಷ ಒಂದು ದಿನ ಮುಂಚೆ ಬುಕ್ ಮಾಡಬೇಕು. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ಹತ್ತಕ್ಕೆ ಬನ್ನಿ ಎಂದರೆ ಕಾರಿದ್ದವರು ಮಾತ್ರ ಬರಲು ಸಾಧ್ಯ. ಗಾಡಿ ಇಲ್ಲ ಅಂತ ತಪ್ಪಿಸಿದವರಿಗೆ ಗಾಡಿ ಇದ್ದವರಿಗೆ ಮಾತ್ರ ಒಗ್ಗುವ ನಿಯಮ ಹಾಕಿದಂತಾಯಿತು, ಅಲ್ವಾ? ಈ ನಿಯಮ ಮಾಡುವ ಮೀಟಿಂಗುಗಳಲ್ಲಿ ನಾನೂ ಕೂತಿರುತ್ತೇನೆ. ಯಾರೂ ಬೇಕಂತ ಮಾಡುವುದಿಲ್ಲ. ಸುಮ್ನೆ ಯೋಚಿಸಿರುವುದಿಲ್ಲ. ಹೇಳಿದರೆ ಸಾಮಾನ್ಯವಾಗಿ ಕೇಳುತ್ತಾರೆ.

ಕೇಳುವುದಕ್ಕೆ ಸಂಕೋಚ ಬೇಡ. ಅಮೆರಿಕದಲ್ಲಿ ಈ ಕೇಂದ್ರಗಳು ಶುರುವಾಗಿದ್ದು 1965ರಲ್ಲಿ, ಬಾಸ್ಟನ್‌ನ ಕೊಲಂಬಿಯಾ ಪಾಯಿಂಟ್‌ನಲ್ಲಿ. ಮಿಸಿಸಿಪಿಯ ಮೌಂಡ್ ಬಾಯೂ ಅದರ ಹಿಂದೆಯೇ ಬಂತು. ಈಗ ಇವು 3 ಕೋಟಿಗೂ ಹೆಚ್ಚು ಜನರನ್ನು ನೋಡುತ್ತವೆ. ಇವುಗಳಿಗೆ ಕೇಂದ್ರ ಸರ್ಕಾರದ ದುಡ್ಡು ಬರುವ ಕಾನೂನಿನಲ್ಲೇ, ರೋಗಿಗಳು ಸೇವೆ ಬಳಸಲು ಅನುಕೂಲವಾಗುವ ಕೆಲಸಗಳು ಎಂಬ ಸಾಲಿನಲ್ಲಿ ಸಾರಿಗೆಯ ಹೆಸರಿದೆ. ಎಷ್ಟು, ಹೇಗೆ ಕೊಡಬೇಕು ಎನ್ನುವುದು ಆಯಾ ಕೇಂದ್ರಕ್ಕೆ ಬಿಟ್ಟಿದ್ದು. ಕೆಲವು ಸ್ವಂತ ವ್ಯಾನ್ ಇಟ್ಟಿವೆ, ಕೆಲವು ಬಸ್ ಪಾಸ್ ಕೊಡುತ್ತವೆ, ಕೆಲವು ಟ್ಯಾಕ್ಸಿ ಬುಕ್ ಮಾಡಿಕೊಡುತ್ತವೆ. ದುಡ್ಡು ಕಡಿಮೆ, ಹಾಗಾಗಿ ಬೋರ್ಡ್ ಹಾಕಿ ಪ್ರಚಾರ ಮಾಡುವುದಿಲ್ಲ. ಕೇಳಿದವರಿಗೆ ಸಿಗುತ್ತದೆ.

ಕ್ಲಿನಿಕ್ ಬುಕ್ ಮಾಡಿಕೊಡುವ ಟ್ಯಾಕ್ಸಿಯ ಬಗ್ಗೆ ನನ್ನ ಅನುಭವ ಮಿಶ್ರ. ರೋಗಿಗೆ ಸ್ಮಾರ್ಟ್‌ಫೋನ್ ಬೇಕಿಲ್ಲ, ಅದು ಒಳ್ಳೆಯದು. ಆದರೆ ಡ್ರೈವರ್ ಬಂದು ಇಂಗ್ಲಿಷ್‌ನಲ್ಲಿ ಫೋನ್ ಮಾಡುತ್ತಾನೆ, ಅಮ್ಮ ಎತ್ತುವುದಿಲ್ಲ, ಐದು ನಿಮಿಷ ಕಾದು ಹೋಗಿಬಿಡುತ್ತಾನೆ. ಬುಕ್ ಮಾಡುವಾಗ ನಿಮ್ಮ ನಂಬರ್ ಕೊಡಿ. ಉಚಿತ ಟ್ಯಾಕ್ಸಿ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ನಂಬಬೇಡಿ. ಫಿಲಡೆಲ್ಫಿಯಾದಲ್ಲಿ ಮೆಡಿಕೇಡ್ ರೋಗಿಗಳಿಗೆ ಉಚಿತ ಆ್ಯಪ್ ಟ್ಯಾಕ್ಸಿ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಟ್ಯಾಕ್ಸಿ ಕೊಡುತ್ತೇವೆಂದು ಹೇಳಿದವರಲ್ಲಿ ಶೇ. 36.5 ಅಪಾಯಿಂಟ್‌ಮೆಂಟ್ ತಪ್ಪಿತು, ಹೇಳದವರಲ್ಲಿ ಶೇ. 36.7. ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಕೆಲಸ ಮಾಡುವವರಿಗೆ ಇದು ಅಷ್ಟೇನೂ ಆಶ್ಚರ್ಯ ತರಲಿಲ್ಲ. ಗಾಡಿ ಬಾಗಿಲಿಗೆ ಬಂದರೂ ಮಗುವನ್ನು ಯಾರು ನೋಡಿಕೊಳ್ಳಬೇಕು, ಕೆಲಸಕ್ಕೆ ರಜೆ ಯಾರು ಹಾಕಬೇಕು, ಒಳಗೆ ಹೋದ ಮೇಲೆ ಮಾತಾಡುವವರು ಯಾರು? ಈ ಪ್ರಶ್ನೆಗಳು ಗಾಡಿಯಲ್ಲಿ ಕೂರುವುದಿಲ್ಲ, ಮನೆಯಲ್ಲೇ ಉಳಿಯುತ್ತವೆ.

ನಿಮ್ಮ ಕಾಗದದಲ್ಲಿ ನೀವು ಹೇಳದ ಒಂದು ವಿಷಯ ನನಗೆ ಕಾಣುತ್ತಿದೆ. ಅಮ್ಮನ ಜೊತೆ ಯಾವಾಗಲೂ ನೀವು ಹೋಗಬೇಕು, ಯಾಕೆಂದರೆ ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಹೌದಲ್ವಾ? ಹಾಗಿದ್ದರೆ ನಿಮ್ಮ ರಜೆಯ ಸಮಸ್ಯೆ ಅರ್ಧ ಭಾಷೆಯ ಸಮಸ್ಯೆ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಕ್ಲಿನಿಕ್ ಪುಕ್ಕಟೆಯಾಗಿ ದುಭಾಷಿಯನ್ನು ಒದಗಿಸಬೇಕು. ಮನೆಯವರನ್ನೇ ಕರೆತನ್ನಿ ಅನ್ನುವಂತಿಲ್ಲ. ಕನ್ನಡದಲ್ಲಿ ಫೋನ್ ಮೇಲೆ ಅನುವಾದ ಮಾಡುವವರು ಸಿಗುತ್ತಾರೆ. ಇಲ್ಲೊಂದು ಸಣ್ಣ ತಪ್ಪು ಮತ್ತೆ ಮತ್ತೆ ಆಗುತ್ತದೆ. ಇಂಡಿಯಾದವರು ಅಂದ ತಕ್ಷಣ ಭಾಷೆಯ ಜಾಗದಲ್ಲಿ ಹಿಂದಿ ಎಂದು ತುಂಬಿಬಿಡುತ್ತಾರೆ. ಅಮ್ಮ ಹೋಗಿ ಕೂತಾಗ ಫೋನ್‌ನಲ್ಲಿ ಹಿಂದಿಯವರು ಬರುತ್ತಾರೆ, ಅಮ್ಮ ಎಲ್ಲದಕ್ಕೂ ತಲೆಯಾಡಿಸಿ ಬರುತ್ತಾರೆ. ಫೈಲಿನಲ್ಲಿ ಕನ್ನಡ ಅಂತ ಇದೆಯಾ ನೋಡಿ. ಕನ್ನಡದ ದುಭಾಷಿ ಯಾವಾಗಲೂ ತಕ್ಷಣ ಸಿಗುವುದಿಲ್ಲ, ಆದ್ದರಿಂದ ಅಪಾಯಿಂಟ್‌ಮೆಂಟ್ ಜೊತೆಗೇ ಬುಕ್ ಮಾಡಿಸಿ. ಇದಾದರೆ ಅಮ್ಮ ಒಬ್ಬರೇ ಹೋಗಬಹುದು. ನಿಮ್ಮ ಸಂಬಳ ಉಳಿಯುತ್ತದೆ, ಮಗುವನ್ನು ಕಟ್ಟಿಕೊಂಡು ಓಡುವುದೂ ತಪ್ಪುತ್ತದೆ.

ಒಬ್ಬರೇ ಹೋಗುವುದಾದರೆ ಯಾವುದರಲ್ಲಿ? ಇಲ್ಲಿ ಅಮ್ಮನ ವಯಸ್ಸು ನಿಮಗೆ ಅನುಕೂಲ. 60 ದಾಟಿದವರಿಗೆ ಹಿರಿಯರ ಕಾನೂನಿನ ಅಡಿಯಲ್ಲಿ ಬೇರೆಯೇ ಸಾರಿಗೆ ನೆರವು ಇದೆ. 1965ರ ಕಾನೂನು ಅದು. ಆಯಾ ಪ್ರದೇಶದ ಹಿರಿಯರ ಸೇವಾ ಸಂಸ್ಥೆ ಅದನ್ನು ನಡೆಸುತ್ತದೆ. ಇನ್ಶೂರೆನ್ಸ್ ಇದೆಯಾ ಎಂದು ಕೇಳುವ ಯೋಜನೆ ಅಲ್ಲ. ಕಾಣಿಕೆ ಕೊಡಿ ಅಂತ ಕೇಳಬಹುದು, ಕೊಡಲು ಆಗದವರನ್ನು ಬಿಟ್ಟು ಹೋಗುವ ಹಾಗಿಲ್ಲ. ನಿಮ್ಮ ಪ್ರದೇಶದ ಕಚೇರಿ ಯಾವುದು ಎಂದು ತಿಳಿಯಲು 1-800-677-1116ಕ್ಕೆ ಫೋನ್ ಮಾಡಿ, ಅದು ಹಿರಿಯರಿಗಾಗಿ ಇರುವ ಸರ್ಕಾರಿ ಸಹಾಯವಾಣಿ. ಸ್ಥಳೀಯ ನೆರವಿನ ಮಾಹಿತಿ ಕೊಡುವ 211ಕ್ಕೆ ಫೋನ್ ಮಾಡಿದರೆ ಊರಿನ ಚರ್ಚು, ಸ್ವಯಂಸೇವಕ ಡ್ರೈವರ್‌ಗಳ ಪಟ್ಟಿಯೂ ಸಿಗಬಹುದು. ಸ್ವಯಂಸೇವಕರ ತೊಂದರೆ ಒಂದೇ: ಆ ಒಬ್ಬರಿಗೆ ಜ್ವರ ಬಂದರೆ ಅವತ್ತಿನ ಅಪಾಯಿಂಟ್‌ಮೆಂಟೂ ಹೋಯಿತು.

ಇದಲ್ಲದೆ ಹೆಚ್ಚಿನ ಗ್ರಾಮೀಣ ಕೌಂಟಿಗಳಲ್ಲಿ ಫೋನ್ ಮಾಡಿ ಕರೆಸಿಕೊಳ್ಳುವ ವ್ಯಾನ್ ಸೇವೆ ಇರುತ್ತದೆ. ವಯಸ್ಸು, ಅಂಗವೈಕಲ್ಯ ಯಾವುದೂ ಬೇಕಿಲ್ಲ, ಎಲ್ಲರಿಗೂ ಇದೆ. ಎಷ್ಟೋ ಜನರಿಗೆ ತಮ್ಮ ಊರಲ್ಲಿ ಇದು ಇರುವುದೇ ಗೊತ್ತಿರುವುದಿಲ್ಲ, ಯಾಕೆಂದರೆ ಇದಕ್ಕೆ ನಿಲ್ದಾಣ ಇಲ್ಲ, ಬೋರ್ಡ್ ಇಲ್ಲ. ಇದರ ದೊಡ್ಡ ಕೊರತೆ ಕೌಂಟಿ ಗಡಿ, ಎಷ್ಟೋ ವ್ಯಾನ್‌ಗಳು ಅದನ್ನು ದಾಟುವುದಿಲ್ಲ. ಕೆಲವು ಕಡೆ ವಾರದಲ್ಲಿ ಒಂದೋ ಎರಡೋ ದಿನ ಆಸ್ಪತ್ರೆಗೆಂದೇ ಗಡಿ ದಾಟಿ ಹೋಗುತ್ತಾರೆ. ಯಾವ ದಿನ ಅಂತ ಮೊದಲು ಕೇಳಿ. ವ್ಯಾನ್ ಮೊದಲು, ಡಾಕ್ಟರ್ ಆಮೇಲೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಡಾಕ್ಟರ್ ಟೈಮ್ ತೆಗೆದುಕೊಂಡು ಆಮೇಲೆ ಗಾಡಿ ಹುಡುಕಿದರೆ ಸಿಗುವುದಿಲ್ಲ. ವ್ಯಾನ್ ಮಂಗಳವಾರ ಬರುತ್ತದೆಂದರೆ ಕ್ಲಿನಿಕ್‌ಗೆ "ನಮಗೆ ಮಂಗಳವಾರ, ಹತ್ತೂವರೆಯಿಂದ ಹನ್ನೊಂದೂವರೆ ಒಳಗೆ ಕೊಡಿ" ಎಂದು ಕೇಳಿ. ಬೆಳಿಗ್ಗೆ ಎಂಟರ ಟೈಮ್ ಬೇಡ, ವ್ಯಾನ್ ಅರ್ಧ ಗಂಟೆ ಆಚೆ ಈಚೆ ಬರುತ್ತದೆ. ಮಧ್ಯಾಹ್ನ ಮೂರರ ಟೈಮೂ ಬೇಡ, ವಾಪಸ್ ಹೋಗುವ ಕೊನೆಯ ವ್ಯಾನ್ ಹೊರಟುಬಿಡಬಹುದು. ಕೊನೆಯ ಟ್ರಿಪ್ ಎಷ್ಟು ಹೊತ್ತಿಗೆ ಅಂತ ಕೇಳದೆ ಯಾವತ್ತೂ ಬುಕ್ ಮಾಡಬೇಡಿ. ವಾಪಸ್ ಗಾಡಿ ಸಿಗದೆ ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿನಲ್ಲಿ ಪಡಸಾಲೆಯಲ್ಲಿ ಕೂತಿರುವ ಅಜ್ಜ ಅಜ್ಜಿಯರನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು ಇದೇ, ಬರುವ ದಾರಿಯನ್ನು ಎಲ್ಲರೂ ಯೋಚಿಸಿರುತ್ತಾರೆ, ಹೋಗುವ ದಾರಿಯನ್ನು ಯಾರೂ ಯೋಚಿಸಿರುವುದಿಲ್ಲ.

ಅಮ್ಮನಿಗೆ ನಡೆದಾಡಲು ಕಷ್ಟವಿದ್ದರೆ ಅಂಗವಿಕಲರ ಬಸ್ ಸೇವೆಗೂ ಅರ್ಜಿ ಹಾಕಬಹುದು. ಆದರೆ ಅದು ಸಾಮಾನ್ಯ ಬಸ್ ಓಡುವ ದಾರಿಯಿಂದ ಮುಕ್ಕಾಲು ಮೈಲಿಯೊಳಗೆ ಇದ್ದವರಿಗೆ ಮಾತ್ರ ಕಡ್ಡಾಯ. ನಿಮ್ಮ ಊರಿನ ಲೆಕ್ಕದಲ್ಲಿ ಅದು ಉಪಯೋಗಕ್ಕೆ ಬರುವುದು ಅನುಮಾನ.

ಇನ್ನೊಂದು ದಾರಿ ಹೋಗುವ ಸಲವನ್ನೇ ಕಡಿಮೆ ಮಾಡುವುದು. ಸಕ್ಕರೆ ಹತೋಟಿಯಲ್ಲಿದ್ದರೆ ಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ) ಪರೀಕ್ಷೆ ವರ್ಷಕ್ಕೆ ಎರಡು ಸಲ ಸಾಕು, ಹತೋಟಿಯಲ್ಲಿಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ. ಕಣ್ಣು, ಪಾದ, ಮೂತ್ರದ ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಇವನ್ನೆಲ್ಲ ಬೇರೆ ಬೇರೆ ದಿನ ಕೊಡುವುದು ಕ್ಲಿನಿಕ್‌ನ ರೂಢಿ. ಒಂದೇ ದಿನ ಕೊಡಿ ಎಂದು ಕೇಳಿ. ಎಷ್ಟೋ ಸೆಂಟರ್‌ಗಳಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಕ್ಯಾಮೆರಾ ಅಲ್ಲೇ ಇದೆ. ಹತ್ತೂಮುಕ್ಕಾಲಿಗೆ ಡಾಕ್ಟರ್, ಅಲ್ಲೇ ರಕ್ತ, ಮೂತ್ರ, ಪಾದ ನೋಡುವುದು, ಕಣ್ಣಿನ ಫೋಟೋ, ಕೆಳಗೆ ಫಾರ್ಮಸಿಯಲ್ಲಿ ಮೂರು ತಿಂಗಳ ಮಾತ್ರೆ, ಒಂದೂವರೆಗೆ ವ್ಯಾನ್. ಇಷ್ಟು ಒಂದೇ ದಿನ ಮುಗಿದ ರೋಗಿಗಳು ನಮ್ಮಲ್ಲಿದ್ದಾರೆ. ಹೀಗೆ ಮಾಡಿಕೊಂಡರೆ ವರ್ಷಕ್ಕೆ ನಾಲ್ಕು ಸಲ ಹೋದರೆ ಸಾಕಾಗಬಹುದು. ಯಾವ ವ್ಯಾನೂ ಸಿಗದೆ ನಾಲ್ಕೂ ಸಲ ಟ್ಯಾಕ್ಸಿಯಲ್ಲೇ ಹೋದರೂ 360 ಡಾಲರ್. ಕಡಿಮೆ ದುಡ್ಡಲ್ಲ, ಆದರೆ ಎರಡನೇ ಕಾರಿನ ಇನ್ಶೂರೆನ್ಸ್‌ಗೂ ಸಾಕಾಗದ ದುಡ್ಡು.

ನಡುವಿನ ತಿಂಗಳುಗಳಿಗೆ ಫೋನ್ ಭೇಟಿ ಇದೆ. ವಿಡಿಯೋ ಇಲ್ಲದಿದ್ದರೂ ಆಗುತ್ತದೆ. ಮನೆಯಲ್ಲಿ ಬಿಪಿ ನೋಡುವ ಮೆಷಿನ್, ಸಕ್ಕರೆ ನೋಡುವ ಮೀಟರ್ ಇದ್ದು, ಬರೆದಿಟ್ಟುಕೊಂಡರೆ ಡಾಕ್ಟರು ಅದನ್ನು ಕೇಳಿ ಮಾತ್ರೆ ಹೆಚ್ಚುಕಡಿಮೆ ಮಾಡುತ್ತಾರೆ. ಫೋನ್ ಭೇಟಿಗೂ ರಿಯಾಯಿತಿ ದರವೇ. ಅಪಾಯ ಎಲ್ಲಿ? ಪಾದದ ಗಾಯ ಫೋನ್‌ನಲ್ಲಿ ಕಾಣುವುದಿಲ್ಲ. ಎಲ್ಲವನ್ನೂ ಫೋನ್‌ನಲ್ಲೇ ಮುಗಿಸುವ ಅಭ್ಯಾಸ ಬೇಡ. ಇನ್ನೊಂದು, ರೋಗಿ ಇರುವ ರಾಜ್ಯದ ಲೈಸೆನ್ಸ್ ಡಾಕ್ಟರ್‌ಗೆ ಇರಬೇಕು. ಅಮ್ಮ ನಾಲ್ಕು ತಿಂಗಳು ಬೇರೆ ರಾಜ್ಯದಲ್ಲಿರುವ ಮಗನ ಮನೆಗೆ ಹೋದರೆ ಅಲ್ಲಿಂದ ಫೋನ್ ಭೇಟಿ ನಡೆಯದೇ ಇರಬಹುದು. ಹೊರಡುವ ಮುಂಚೆ ಮಾತ್ರೆ ತುಂಬಿಸಿಕೊಳ್ಳಿ.

ಒಂದು ಬಲೆಯ ಬಗ್ಗೆ ಎಚ್ಚರ. ದೂರ ಅಂತ ಹತ್ತಿರದ ಲ್ಯಾಬ್‌ಗೆ ಹೋಗಿ ರಕ್ತ ಕೊಟ್ಟು ಬರೋಣ ಎನ್ನಿಸಬಹುದು. ಕ್ಲಿನಿಕ್‌ನ ರಿಯಾಯಿತಿ ಕ್ಲಿನಿಕ್ ಒಳಗೆ ಮಾತ್ರ. ಹೊರಗಿನ ಲ್ಯಾಬ್, ಹೊರಗಿನ ಸ್ಪೆಷಲಿಸ್ಟ್ ಪೂರ್ತಿ ದರದ ಬಿಲ್ ಕಳಿಸಬಹುದು. ಎಲ್ಲಿಗೇ ಕಳಿಸಿದರೂ "ಅಲ್ಲಿ ನಮ್ಮ ರಿಯಾಯಿತಿ ನಡೆಯುತ್ತಾ?" ಎಂದು ಕೇಳಿಯೇ ಹೋಗಿ.

ಆ 25 ಡಾಲರನ್ನೂ ಒಮ್ಮೆ ಪರಿಶೀಲಿಸಿ. ರಿಯಾಯಿತಿ ನಿಂತಿರುವುದು ಆದಾಯ ಮತ್ತು ಕುಟುಂಬದ ಗಾತ್ರದ ಮೇಲೆ. ಬಡತನ ರೇಖೆಯ ಕೆಳಗಿದ್ದರೆ ಪೂರ್ತಿ ರಿಯಾಯಿತಿ ಅಥವಾ ಹೆಸರಿಗಷ್ಟು ಶುಲ್ಕ, ಅದರ ಎರಡು ಪಟ್ಟಿನವರೆಗೆ ಭಾಗಶಃ. 2025ರ ಲೆಕ್ಕದಲ್ಲಿ ಹೆಚ್ಚಿನ ರಾಜ್ಯಗಳಿಗೆ ನಾಲ್ಕು ಜನರ ಮನೆಗೆ ಆ ರೇಖೆ 32,150 ಡಾಲರ್ ಇತ್ತು, ಎರಡು ಪಟ್ಟು ಅಂದರೆ 64,300. ಆದರೆ ಕುಟುಂಬ ಅಂದರೆ ಯಾರು ಎಂದು ಆಯಾ ಸೆಂಟರ್ ತಾನೇ ತೀರ್ಮಾನಿಸುತ್ತದೆ. ಅಮ್ಮನನ್ನು ನಿಮ್ಮ ಜೊತೆ ಸೇರಿಸಿ ಎಣಿಸಿದ್ದಾರಾ, ಆದಾಯವಿಲ್ಲದ ಒಬ್ಬರೇ ಎಂದು ಎಣಿಸಿದ್ದಾರಾ? ಕೇಳಿ ತಿಳಿದುಕೊಳ್ಳಿ. ನಿಮ್ಮ ಕೌಂಟಿಯೊಳಗೇ ಬೇರೆ ಹೆಲ್ತ್ ಸೆಂಟರ್ ಇದೆಯಾ, ಇದೇ ಸೆಂಟರ್‌ನ ಸಣ್ಣ ಶಾಖೆ ಅಥವಾ ಸಂಚಾರಿ ವ್ಯಾನ್ ಹತ್ತಿರಕ್ಕೆ ಬರುತ್ತದಾ ಅಂತಲೂ ಅದೇ ಫೋನ್‌ನಲ್ಲಿ ವಿಚಾರಿಸಿ.

ಕೊನೆಗೆ ಇನ್ಶೂರೆನ್ಸ್. ಗ್ರೀನ್ ಕಾರ್ಡ್ ಇರುವುದರಿಂದ ಅಮ್ಮ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಪಾಲಿಸಿ ಕೊಳ್ಳಬಹುದು. ಅದಕ್ಕೆ ಪ್ರತಿವರ್ಷ ನವೆಂಬರ್ 1ರಿಂದ ಅವಕಾಶ. ನೀವು ಟ್ಯಾಕ್ಸ್‌ನಲ್ಲಿ ಅವರನ್ನು ಅವಲಂಬಿತರು ಎಂದು ತೋರಿಸುತ್ತಿದ್ದರೆ ಸಬ್ಸಿಡಿಗೆ ನಿಮ್ಮ ಇಡೀ ಮನೆಯ ಆದಾಯ ಲೆಕ್ಕಕ್ಕೆ ಬರುತ್ತದೆ. 2025ರ ಕೊನೆಗೆ ಹೆಚ್ಚುವರಿ ಸಬ್ಸಿಡಿ ಮುಗಿದಿರುವುದರಿಂದ ಕಂತು ಮೊದಲಿಗಿಂತ ಜಾಸ್ತಿ. ಲೆಕ್ಕ ಹಾಕಲು ನಿಮ್ಮ ಹೆಲ್ತ್ ಸೆಂಟರ್‌ನಲ್ಲೇ ನೋಂದಣಿ ಸಹಾಯಕರು ಇರುತ್ತಾರೆ, ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಅದು ಆಗದಿದ್ದರೆ ಅಮ್ಮನಿಗೆ 65 ತುಂಬಿ, ಇಲ್ಲಿ ಐದು ವರ್ಷ ನಿರಂತರವಾಗಿ ಇದ್ದ ಮೇಲೆ ಹಿರಿಯರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಕೊಳ್ಳಬಹುದು. ಇಲ್ಲಿ ಕೆಲಸ ಮಾಡಿದ ದಾಖಲೆ ಇಲ್ಲದಿದ್ದರೆ ಅದರ ಕಂತೂ ದೊಡ್ಡದೇ: 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185 ಇತ್ತು. ಅಷ್ಟು ಕೊಟ್ಟರೂ ಮೂಲ ಮೆಡಿಕೇರ್ ಕ್ಲಿನಿಕ್‌ಗೆ ಹೋಗಿ ಬರುವ ಗಾಡಿ ಕೊಡುವುದಿಲ್ಲ. ಹಾಗಾಗಿ ಹಿರಿಯರ ಸೇವಾ ಕಚೇರಿಯಲ್ಲಿ ಈಗಲೇ ಅಮ್ಮನ ಹೆಸರು ಬರೆಸಿಬಿಡಿ. ಇನ್ಶೂರೆನ್ಸ್ ಬಂದ ಮೇಲೂ ತೆಗೆಸಬೇಡಿ.